ಮಾತು ಬಾರದ ಕೂಸಿನ ಮಾತು



ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ಹಳ್ಳಿಗಳಲ್ಲಿ ಒಂದು ಮನೆಗೆ ಎರಡು ಭಾಷೆ ಇರುವುದು ಹೊಸದಲ್ಲ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯದ ಗಡಿ ಬದಲಾಯಿತು, ಮನೆಯೊಳಗಿನ ಕನ್ನಡ ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಇಂಥ ಮನೆಯಲ್ಲಿ ಎರಡು ವರ್ಷ ತುಂಬಿದ ಕೂಸು ಇನ್ನೂ ಮಾತಾಡುತ್ತಿಲ್ಲವೆಂದರೆ ಏನು ಮಾಡಬೇಕು? ಈ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಿರಿಯರು ‘ಗಂಡು ಹುಡುಗ, ತಡಾ ಮಾಡೇ ಮಾತಾಡ್ತಾನ, ಬಿಡ್ರಿ’ ಎನ್ನುತ್ತಾರೆ. ಕೆಲವರು ದೇವರಿಗೆ ಹರಕೆ ಹೊರಲು ಹೇಳುತ್ತಾರೆ. ಓದು ಬಲ್ಲವರು ‘ಎರಡು ಭಾಷೆ ಕಿವಿಗೆ ಬಿದ್ದು ಗೊಂದಲ ಆಗೇದ, ಕನ್ನಡ ಬಿಟ್ಟು ಬರೇ ಮರಾಠಿ ಮಾತಾಡ್ರಿ’ ಎನ್ನುತ್ತಾರೆ. ಈ ಕೊನೆಯ ಸಲಹೆ ಕೇಳಲು ಜಾಣತನದ್ದೆನಿಸುತ್ತದೆ. ಆದರೆ ಹೆಚ್ಚು ಕೆಡುಕು ಮಾಡುವುದು ಇದೇ. ಎರಡು ಭಾಷೆ ಕೇಳಿದ್ದರಿಂದ ಮಾತು ನಿಲ್ಲುವುದಿಲ್ಲ. ಆಟಿಸಂ ಇರುವ ಮಕ್ಕಳಿಗೂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಎರಡು ಭಾಷೆಯಿಂದ ಹಾನಿಯಿಲ್ಲವೆಂದು ಅಧ್ಯಯನಗಳು ಕಂಡುಕೊಂಡಿವೆ. ಕನ್ನಡ ಬಿಡಿಸಿದರೆ ಆಗುವುದೇನು? ಬೇರೆ ಭಾಷೆ ಸರಾಗವಾಗಿ ಬಾರದ ಅಜ್ಜಿ ಮೊಮ್ಮಗನ ಮುಂದೆ ಬಾಯಿ ಮುಚ್ಚಿ ಕೂಡುತ್ತಾಳೆ. ಹೆಚ್ಚು ಮಾತು ಬೇಕಾದ ಕೂಸಿಗೆ ಇದ್ದ ಮಾತೂ ಕಡಿಮೆಯಾಗುತ್ತದೆ.

ಹಾಗಾದರೆ ಕಾರಣ ಏನಿರಬಹುದು? ಮೊದಲು ನೋಡಬೇಕಾದದ್ದು ಕಿವಿ. ಕೇಳದ ಕೂಸಿಗೆ ಮಾತು ತಾನಾಗಿ ಬರುವುದಿಲ್ಲ. ಕಿವಿಯ ಪರೀಕ್ಷೆಯನ್ನು ಹುಟ್ಟಿದ ಕೆಲವೇ ದಿನಗಳಲ್ಲೂ ಮಾಡಬಹುದು. ಎರಡನೆಯದು ಬುದ್ಧಿಯ ಬೆಳವಣಿಗೆ ನಿಧಾನವಾಗಿರುವುದು. ಮೂರನೆಯದು ಸೆರೆಬ್ರಲ್ ಪಾಲ್ಸಿ. ಇದರಲ್ಲಿ ಕೆಲವು ಮಕ್ಕಳಿಗೆ ಎಲ್ಲವೂ ತಿಳಿಯುತ್ತದೆ, ನಾಲಿಗೆ ಮಾತ್ರ ಹೇಳಿದಂತೆ ಕೇಳುವುದಿಲ್ಲ. ನಾಲ್ಕನೆಯದು ಆಟಿಸಂ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇದನ್ನು ವಿವರಿಸಿ ಬರೆದರು. ಆಮೇಲೆ ಬಹಳ ವರ್ಷ ತಾಯಂದಿರ ಮೇಲೆ ತಪ್ಪು ಹೊರಿಸಿದರು. ಅದು ಸುಳ್ಳೆಂದು ಈಗ ತಿಳಿದಿದೆ. ಆಟಿಸಂ ಎಂದರೆ ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಅದು ತಾಯಿಯ ತಪ್ಪಲ್ಲ, ಲಸಿಕೆಯಿಂದ ಬಂದದ್ದಲ್ಲ, ಯಾರ ದೃಷ್ಟಿ ತಾಗಿದ್ದೂ ಅಲ್ಲ.

ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಒಂದು ಪದ ಬಾರದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ದರೆ, ಇಲ್ಲವೇ ಬಂದ ಮಾತು ಹೋದರೆ, ಕಾಯುತ್ತ ಕೂಡಬೇಡಿ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಿ. ‘ನೀರು’ ಎಂದರೂ ಪದವೇ, ‘ಪಾಣಿ’ ಎಂದರೂ ಪದವೇ. ಅಂಗನವಾಡಿ ತಾಯಿಗೆ, ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳ ತಪಾಸಣೆ ಇದೆ. ಅಲ್ಲಿಂದ ಮುಂದೆ ದೊಡ್ಡ ದವಾಖಾನೆಗೆ ಚೀಟಿ ಕೊಡುತ್ತಾರೆ.

ದವಾಖಾನೆಯಲ್ಲಿ ಒಂದು ಎಚ್ಚರ ಬೇಕು. ವೈದ್ಯರು ಬೆಕ್ಕಿನ ಚಿತ್ರ ತೋರಿಸಿ ‘ಹೇ ಕಾಯ್ ಆಹೇ?’ ಎಂದು ಕೇಳಬಹುದು. ಕೂಸಿಗೆ ‘ಬೆಕ್ಕು’ ಗೊತ್ತು, ‘ಮಾಂಜರ್’ ಗೊತ್ತಿಲ್ಲ. ಅದು ಸುಮ್ಮನಾದರೆ ಕಾಗದದ ಮೇಲೆ ‘ಬರುವುದಿಲ್ಲ’ ಎಂದು ಬೀಳುತ್ತದೆ. ಆದ್ದರಿಂದ ‘ನಮ್ಮ ಮನೆ ಮಾತು ಕನ್ನಡ’ ಎಂದು ಮೊದಲೇ ಹೇಳಿ. ಕೂಸಿನೊಡನೆ ದಿನವಿಡೀ ಇರುವ ಅಜ್ಜಿಯನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯಿರಿ. ಪ್ರಶ್ನೆಯನ್ನು ಅವರು ಕನ್ನಡದಲ್ಲಿ ಕೇಳಲಿ.

ಇನ್ನು ಮನೆಯ ಕೆಲಸ. ಮಾತು ಇಲ್ಲವೆಂದರೆ ಹೇಳುವುದು ಏನೂ ಇಲ್ಲವೆಂದಲ್ಲ. ಕೂಸು ನಿಮ್ಮ ಕೈ ಹಿಡಿದು ಕೊಡದ ಕಡೆ ಎಳೆದರೆ ಅದು ನೀರು ಕೇಳಿದಂತೆ. ಜಾತ್ರೆಯ ಡೊಳ್ಳು, ಮದುವೆಯ ಬ್ಯಾಂಡಿನ ನಡುವೆ ಕಿವಿ ಮುಚ್ಚಿಕೊಂಡು ಚೀರಿದರೆ ಅದು ಹಟವಲ್ಲ, ಆ ಸದ್ದು ಅದಕ್ಕೆ ತಡೆಯಲಾರದಷ್ಟು ಆಗಿದೆ. ಆಗ ಬೈಯದೆ, ಹೊಡೆಯದೆ ದೂರ ಕರೆದೊಯ್ಯಿರಿ. ಒಂದು ಮಾತು ಹೇಳಿ, ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯಿರಿ. ಚಿತ್ರ, ಕೈಸನ್ನೆ ಯಾವುದರಿಂದ ಹೇಳಿದರೂ ಒಪ್ಪಿಕೊಳ್ಳಿ. ಸನ್ನೆ ಕಲಿತರೆ ಮಾತು ಬರುವುದಿಲ್ಲವೆಂಬ ಹೆದರಿಕೆ ಬೇಡ.

ಕಾನೂನೂ ಬದಲಾಗಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಮಾತ್ರ ಇತ್ತು. 2016ರ ಕಾಯ್ದೆಯಲ್ಲಿ 21 ಇವೆ. ಆಟಿಸಂ, ಮಾತು ಮತ್ತು ಭಾಷೆಯ ತೊಂದರೆ, ಓದುಬರಹದ ಕಲಿಕೆಯ ತೊಂದರೆ ಎಲ್ಲವೂ ಅದರಲ್ಲಿ ಸೇರಿವೆ. ಶೇಕಡಾ 40 ಅಥವಾ ಹೆಚ್ಚು ತೊಂದರೆ ಇದ್ದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರಮಾಣಪತ್ರ ದೇಶದ ಎಲ್ಲೆಡೆ ನಡೆಯುತ್ತದೆ. ಲಾತೂರಿನಲ್ಲಿ ಪಡೆದದ್ದು ಬೀದರಿನಲ್ಲೂ ಸಲ್ಲುತ್ತದೆ. ಗಡಿಯಾಚೆ ಬೀಗತನ ಇರುವ ನಮಗೆ ಇದು ತಿಳಿದಿರಲಿ. ನಾಲ್ಕು ಜನರ ಮುಂದೆ ಬೇಕೆಂದೇ ಅಂಗವಿಕಲರನ್ನು ಅವಮಾನಿಸುವುದು ಈ ಕಾಯ್ದೆಯಲ್ಲಿ ಅಪರಾಧ. ‘ಮೂಗ’, ‘ಹುಚ್ಚ’ ಎಂದು ಕರೆಯುವ ಮೊದಲು ಹೆತ್ತವರಿಟ್ಟ ಹೆಸರೊಂದು ಇದೆಯೆಂಬುದನ್ನು ನೆನೆಯೋಣ.

ಇದು ಬೇರೆಯವರ ಮನೆಯ ಮಾತೆಂದು ನಮ್ಮ ಭಾಗದವರು ಹೇಳುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸುತ್ತ ಭೂಮಿ ನಡುಗಿದಾಗ ಕಲ್ಲುಮಣ್ಣಿನ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಸಾವಿರಾರು ಜನ ಸತ್ತರು. ರಾತ್ರಿ ನೆಟ್ಟಗೆ ನಡೆದು ಬಂದು ಮಲಗಿದ ಎಷ್ಟೋ ಜನ ಬೆಳಗಾಗುವಷ್ಟರಲ್ಲಿ ಅಂಗವಿಕಲರಾಗಿದ್ದರು. ಅಂಥವರೊಬ್ಬರು ಕಚೇರಿಗೆ ಬಂದರೆ ಜೊತೆಗಿದ್ದವರನ್ನು ‘ಇವರಿಗೇನು ಬೇಕು?’ ಎಂದು ಕೇಳುವುದು ನಮ್ಮಲ್ಲಿ ರೂಢಿ. ಅವರನ್ನೇ ಕೇಳಿ. ಕಾಲು ಹೋಗಿರಬಹುದು, ಬೇಕುಬೇಡ ಹೇಳುವ ಅಧಿಕಾರ ಹೋಗಿಲ್ಲ.

ನಿಮ್ಮ ಓಣಿಯಲ್ಲಿ ಮಾತು ಬಾರದ ಕೂಸೊಂದು ಇದ್ದರೆ ಅದರ ತಾಯಿಗೆ ಎರಡು ವಿಷಯ ಮುಟ್ಟಿಸಿ: ಕಿವಿಯ ಪರೀಕ್ಷೆ ಮಾಡಿಸವ್ವಾ, ಕನ್ನಡ ಬಿಡಬೇಡವ್ವಾ. ಅಷ್ಟು ಮಾಡಿದರೂ ಒಂದು ಮನೆಗೆ ಉಪಕಾರವಾದೀತು.