ಸಂಕರ ಹತ್ತಿಯ ಬೀಜವನ್ನು ಮರಳಿ ಬಿತ್ತುವ ವಿಚಾರ

ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರಾಂತ್ಯದ ಗೌಡರಿಗೂ ಜಮೀನುದಾರರಿಗೂ ಒಂದು ಸಂದೇಹವು ಪದೇ ಪದೇ ತೋರುವುದುಂಟು. ಸಂಕರ ಹತ್ತಿಯ ಹೊಲವು ಸೊಗಸಾಗಿ ಬಂದಿರಲು, ಅದರ ಬೀಜವನ್ನೇ ತೆಗೆದಿಟ್ಟು ಮರುವರ್ಷ ಬಿತ್ತಿದರೆ ತಪ್ಪೇನು? ಜವಾರಿ ಹತ್ತಿಯ ಕಾಲದಲ್ಲಿ ಹಿರಿಯರು ಹಾಗೆಯೇ ಮಾಡುತ್ತಿರಲಿಲ್ಲವೆ? ಪ್ರಶ್ನೆಯು ನ್ಯಾಯವಾದದ್ದು, ವರ್ಷ ವರ್ಷವೂ ಬೀಜಕ್ಕೆ ಹಣ ತೆರುವವನು ಇದನ್ನು ಕೇಳದಿರನು.

ಇದರ ಕಾರಣವು ಗಿಡದ ಜೀವಕಣದೊಳಗಿರುವುದು. ಪ್ರತಿ ಕಣದಲ್ಲಿಯೂ ವರ್ಣತಂತುಗಳೆಂಬ ಸೂಕ್ಷ್ಮ ಎಳೆಗಳುಂಟು. ನೊಗಕ್ಕೆ ಕಟ್ಟಿದ ಎತ್ತುಗಳಂತೆ ಅವು ಜೋಡಿ ಜೋಡಿ. ಒಂದು ತಾಯಿಯ ಕಡೆಯದು, ಇನ್ನೊಂದು ತಂದೆಯ ಕಡೆಯದು. ಪರಾಗವೂ ಅಂಡವೂ ಹುಟ್ಟುವಾಗ ಜೊತೆಗಾರರು ಪಕ್ಕಕ್ಕೆ ಬಂದು ಸೇರಿ, ಬಳಿಕ ಅಗಲುವುವು. ಜವಾರಿ ಹತ್ತಿಗೆ ಇಂಥ ತಂತುಗಳು 26. ಅಮೆರಿಕದ ಜಾತಿಗೂ ಉದ್ದೆಳೆಯ ಈಜಿಪ್ತಿನ ಜಾತಿಗೂ 52. ಜವಾರಿಯನ್ನೂ ಅಮೆರಿಕನ್ನನ್ನೂ ಕೂಡಿಸಿದರೆ ಸಂತತಿಗೆ 39 ಬರುವುವು. ಸಾಮಾನ್ಯವಾಗಿ 13 ಜೋಡಿಗಳು ಕೂಡಿ, 13 ತಂತುಗಳು ಒಂಟಿಯಾಗಿ ಉಳಿಯುವುವು. ಅಂಥ ಗಿಡವು ಹೂ ಬಿಟ್ಟರೂ ಬಹುಮಟ್ಟಿಗೆ ಬಂಜೆ. ಮಲೆನಾಡಿನ ಕಾಫಿಯ ಪಾಡೂ ಇದೇ: ಅರೇಬಿಕಕ್ಕೆ 44, ರೋಬಸ್ಟಕ್ಕೆ 22, ಇವೆರಡರ ನೇರ ಸಂಕರಕ್ಕೆ 33.

ಧಾರವಾಡದಲ್ಲಿ ಸಿದ್ಧವಾಗಿ 1972ರಲ್ಲಿ ಹೊರಬಂದ ವರಲಕ್ಷ್ಮಿಯ ತಾಯಿ ಲಕ್ಷ್ಮಿ ಎಂಬ ಅಮೆರಿಕನ್ ಹತ್ತಿ, ತಂದೆ ಈಜಿಪ್ತಿನ ಜಾತಿಯದು. ಎರಡಕ್ಕೂ 52 ಇದ್ದುದರಿಂದ ಜೋಡಿ ಕೂಡಿತು, ಬೀಜ ಕಟ್ಟಿತು. ತೊಡಕು ಇರುವುದು ಮುಂದಿನ ಪೀಳಿಗೆಯಲ್ಲಿ. ಮೊದಲ ಪೀಳಿಗೆಯ ಗಿಡಗಳೆಲ್ಲಕ್ಕೂ ಒಂದೇ ಬಗೆಯ ಪಾಲು ದೊರೆತಿರುವುದರಿಂದ ಹೊಲವು ಏಕಪ್ರಕಾರವಾಗಿರುವುದು. ಅವುಗಳ ಬೀಜದಲ್ಲಾದರೋ ತಾಯಿ ತಂದೆಗಳ ಪಾಲು ಚದುರಿ ಹಂಚಿಹೋಗುವುದು. ಒಂದು ಗಿಡ ಎತ್ತರ, ಒಂದು ಕುಳ್ಳು, ಒಂದು ಬೇಗ ಬಿಡುವುದು, ಒಂದು ತಡ, ಎಳೆಯೂ ಉದ್ದಗಿಡ್ಡ. ಇಂಥ ಮಿಶ್ರ ಅರಳೆಗೆ ಪೇಟೆಯಲ್ಲಿ ಬೆಲೆಯಿಲ್ಲ.

2002ರಿಂದ ಬಂದ ಬಿಟಿ ಸಂಕರಗಳಲ್ಲಿ ನಷ್ಟವು ಇನ್ನೂ ಹೆಚ್ಚು. ಹುಳುವನ್ನು ತಡೆಯುವ ಒಂದು ವಂಶಾಣುವು ಒಬ್ಬ ಜನಕನಿಂದ ಮಾತ್ರ ಬಂದಿದ್ದರೆ, ತನ್ನ ಪರಾಗದಿಂದಲೇ ಕಟ್ಟಿದ ಬೀಜದ 4 ಗಿಡಗಳಲ್ಲಿ ಸುಮಾರು 1ಕ್ಕೆ ಅದು ಇರದು. ಕಣ್ಣಿಗೆ ಭೇದ ತಿಳಿಯದು, ಹುಳುವಿಗೆ ತಿಳಿಯುವುದು!

ಸಿಂಧನೂರಿನ ಕಾಲುವೆ ಬಯಲಿನ ನೆಲ್ಲಿಗೆ ಈ ಭಯವಿಲ್ಲ. ಸಂಕರವಲ್ಲದ ಶುದ್ಧ ತಳಿಯಲ್ಲಿ ಜೋಡಿಯ ಎರಡೂ ತಂತುಗಳು ಒಂದೇ ತೆರನಾಗಿರುವುವು. ಹತ್ತಿಯಲ್ಲಿಯೂ ಮನೆಬೀಜ ಬೇಕೆನ್ನುವವರು ಜಯಧರದಂಥ ಶುದ್ಧ ತಳಿಯನ್ನು ಬಿತ್ತತಕ್ಕದ್ದು. ಜೇನುನೊಣವು ನೆರೆಹೊಲದ ಪರಾಗ ತರುವುದರಿಂದ, ಅಂಚಿನ ಸಾಲುಗಳನ್ನು ಬಿಟ್ಟು ಹೊಲದ ನಡುವಿನಿಂದ ಬೀಜವನ್ನು ಆಯುವುದು ಮೇಲು. ಸಂಕರ ಬೀಜವನ್ನು ಕೊಂಡವರು ಚೀಲದ ಚೀಟಿಯನ್ನೂ ರಸೀದಿಯನ್ನೂ ಫಸಲು ಕೈಸೇರುವವರೆಗೆ ಜೋಪಾನವಾಗಿ ಇಡತಕ್ಕದ್ದು.