ಕೆಮ್ಮನ್ನು ಮುಚ್ಚಿಡಬೇಡಿ



ಫೋರ್ಟಿನ ಹೊಟೇಲುಗಳಲ್ಲಿ ದುಡಿಯುವ ನಾವು ಹಗಲೆಲ್ಲ ಒಲೆಯ ಹೊಗೆ, ಮೋಟಾರುಗಳ ಹೊಗೆ ಕುಡಿದು, ರಾತ್ರಿ ಬಾಗಿಲೆಳೆದ ಕೋಣೆಯಲ್ಲಿ ಸಾಲಾಗಿ ಮಲಗುವವರು. ತಂದೂರಿಗೆ ಸೌದೆ-ಇದ್ದಲು ಬಿಡಿರೆಂದು 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು ಆಜ್ಞೆ ಮಾಡಿತು, ಒಳ್ಳೆಯದೇ. ಆದರೆ ನಮಗೆ ಹೊಗೆಗಿಂತ ಹೆಚ್ಚಿನ ಭಯ ಮುಚ್ಚಿಟ್ಟ ಕೆಮ್ಮಿನದು.

ಗಿರಣಿಗಳ ಕಾಲದಲ್ಲಿ ನಮ್ಮ ಹಿರಿಯರು ಹತ್ತಿಯ ಧೂಳು ಕುಡಿದು, ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದರು. ಮದ್ದು ಬರುವ ಮೊದಲು, ಕ್ಷಯ ಬಂತೆಂದರೆ ಊರಿನ ದಾರಿ, ಅಷ್ಟೆ. ಇಂದು ಹಾಗಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಕಂಡರೆ ಸೇಂಟ್ ಜಾರ್ಜ್ ಅಥವಾ ಜಿ. ಟಿ. ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಆಹಾರಕ್ಕೆಂದು ಕೊಡುವ ಹಣವನ್ನೂ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಮಾಡಿದ್ದಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮದ್ದು. ಎರಡನೆಯ ತಿಂಗಳಿಗೆ ಮೈ ಹಗುರಾಯಿತೆಂದು ಬಿಟ್ಟಿರೋ, ರೋಗ ಮದ್ದಿಗೆ ಬಗ್ಗದಂತಾಗಬಹುದು.

ಗಲ್ಲೆಯ ಮೇಲೆ ಕೂರುವ ಧಣಿಗಳೂ ಸಭೆಯಲ್ಲಿದ್ದಾರೆ. ಅವರಲ್ಲಿ ನಮ್ಮ ಬಿನ್ನಹ: ಕೆಮ್ಮುವ ಹುಡುಗನ ಲೆಕ್ಕ ತೀರಿಸಿ ಊರಿಗೆ ಅಟ್ಟಬೇಡಿ. ಅಟ್ಟಿದರೆ ಉಳಿದವರು ಕೆಮ್ಮನ್ನು ನುಂಗಿಕೊಂಡು ಪಕ್ಕದವನಿಗೆ ಅಂಟಿಸುತ್ತಾರೆ. ಸರಿಯಾಗಿ ಮದ್ದು ತೆಗೆದುಕೊಂಡರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅಂಟು ನಿಲ್ಲುತ್ತದೆ. ವೈದ್ಯರು ಒಪ್ಪಿದ ದಿನ ಅವನನ್ನು ಅದೇ ಕೆಲಸಕ್ಕೆ ಕರೆದುಕೊಳ್ಳಿ; ಮಲಗುವ ಕೋಣೆಗೊಂದು ಕಿಟಕಿಯನ್ನೂ ಇಡಿಸಿ.