ಎದೆ ನೋವು ಬಂದರೆ ತಡ ಮಾಡಬೇಡಿ



ಎಲ್ಲರೂ ಒಮ್ಮೆ ಮುಷ್ಟಿ ಕಟ್ಟಿ ನೋಡಿ. ನಿಮ್ಮ ಹೃದಯ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ಅದು ಸ್ನಾಯು, ಅಂದರೆ ಮಾಂಸಖಂಡ. ನಾವು ಮಲಗಿದಾಗಲೂ ಅದು ದುಡಿಯುತ್ತದೆ. ಇಡೀ ಮೈಗೆ ರಕ್ತ ಕಳಿಸುತ್ತದೆ. ಅದಕ್ಕೂ ರಕ್ತ ಬೇಕಲ್ವಾ? ಅದಕ್ಕೆಂದೇ ಬೇರೆ ರಕ್ತನಾಳಗಳಿವೆ.

ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ? ಗದ್ದೆಯ ಕಾಲುವೆಗೆ ಮಣ್ಣು ಬಿದ್ದ ಹಾಗೆ. ನೀರು ಬೇಗ ಬಂದರೆ ಬಾಡಿದ ಪೈರು ಏಳುತ್ತದೆ. ತಡವಾದರೆ ಒಣಗುತ್ತದೆ. ಹೃದಯವೂ ಹಾಗೇ. ಸುಮಾರು ಅರ್ಧ ಗಂಟೆಯಲ್ಲೇ ಸ್ನಾಯು ಸಾಯಲು ಶುರುವಾಗುತ್ತದೆ. ಇದೇ ಹೃದಯಾಘಾತ. ಸತ್ತ ಸ್ನಾಯು ಮತ್ತೆ ಬರುವುದಿಲ್ಲ.

ಒಂದು ರಾತ್ರಿ ನಮ್ಮ ಕೇರಿಯ ಅಕ್ಕ ಒಬ್ಬರಿಗೆ ಎದೆ ಹಿಂಡಿದ ಹಾಗಾಯಿತು. ಮೈಯೆಲ್ಲ ಬೆವರು. "ಗ್ಯಾಸ್ ಇರಬೇಕು" ಅಂದೆವು ನಾವು. ಸೋಡಾ ಕುಡಿಸಿದೆವು. "ಬೆಳಗ್ಗೆ ನೋಡೋಣ, ಸುಮ್ನೆ ಯಾಕೆ ಖರ್ಚು" ಅಂದರು ಅಕ್ಕ. ಓದಿ ಬರೆದ ನಾವೂ ಹೂಂ ಅಂದೆವು. ಅಕ್ಕ ಬದುಕಿದರು. ಆದರೆ ಈಗ ಒಂದು ಕೊಡ ನೀರು ತಂದರೂ ಏದುಸಿರು. ನಮ್ಮ ತಪ್ಪು ನಿಮ್ಮಿಂದ ಆಗಬಾರದು.

ಗುರುತು ತಿಳಿದುಕೊಳ್ಳಿ. ಎದೆ ಭಾರ. ಕೈ, ದವಡೆ, ಬೆನ್ನಿನಲ್ಲಿ ನೋವು. ತಣ್ಣನೆ ಬೆವರು. ಉಸಿರಾಟಕ್ಕೆ ಕಷ್ಟ. ಹೆಂಗಸರಿಗೆ ಕೆಲವು ಸಲ ಎದೆ ನೋವೇ ಇರಲ್ಲ. ವಾಕರಿಕೆ, ವಿಪರೀತ ಸುಸ್ತು ಇಷ್ಟೇ ಇರಬಹುದು.

ಆಗ ಮನೆಗೆಲಸ ಬಿಡಿ. 108ಕ್ಕೆ ಫೋನ್ ಮಾಡಿ. ನಡೆದು ಹೋಗಬೇಡಿ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುತ್ತಾರೆ. ಹೃದಯಾಘಾತ ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಇಲ್ಲವೇ ನಾಳ ಬಿಡಿಸಲು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಒಂದು ಗಂಟೆಯೊಳಗೆ ಹೋದರೆ ಹೆಚ್ಚು ಸ್ನಾಯು ಉಳಿಯುತ್ತದೆ. ತಡವಾಗಿದ್ದರೂ ಹೋಗಲೇಬೇಕು.

ಖರ್ಚಿನ ಭಯ ಬೇಡ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಈ ಇಂಜೆಕ್ಷನ್ ಉಚಿತ.

ಇನ್ನೊಂದು ಮಾತು. ರಕ್ತ ಮತ್ತೆ ಹರಿದರೂ ಸ್ನಾಯು ಕೂಡಲೇ ಚುರುಕಾಗುವುದಿಲ್ಲ. ಮಂಕಾಗಿರುತ್ತದೆ. ಚೇತರಿಸಲು ಕೆಲವು ದಿನ, ಕೆಲವು ವಾರ ಬೇಕು. ಮನೆಗೆ ಬಂದ ಕೂಡಲೇ ಕೊಡ ಎತ್ತಬೇಡಿ. ಡಾಕ್ಟರು ಹೇಳಿದಷ್ಟೇ ನಡೆದಾಡಿ. ನೋವಿಲ್ಲ ಅಂತ ಮಾತ್ರೆ ಬಿಡಬೇಡಿ. ಹೊಗೆಸೊಪ್ಪು ಬಿಡಿ.

ಈಗ ನಿಮಗೆ ಅಂಕಿ ಬರೆಯಲು ಬರುತ್ತದೆ. ಇವತ್ತೇ ಅಡುಗೆಮನೆ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ: 108. ಮನೆಯವರಿಗೂ ಓದಿ ಹೇಳಿ.